ಒಂದೇ ಬಟನ್, ಎರಡು ಮೈ!

ಒಂದು ಲೆಕ್ಕ ಕೇಳುತ್ತೇನೆ, ಊಹಿಸಿ. ಹತ್ತು ಅಧ್ಯಾಯಗಳ ಯುದ್ಧದ ವಿಡಿಯೊ ಗೇಮ್. ಇಡೀ ಗ್ರಹವೇ ರಣರಂಗ. ನೆಲದ ಮೇಲೆ, ಬಾನಿನಲ್ಲಿ, ಅಂತರಿಕ್ಷದಲ್ಲಿ ಗುಂಡಿನ ಸುರಿಮಳೆ. ಇದರಲ್ಲಿ ಮನುಷ್ಯರು ಎಷ್ಟು ಮಂದಿ ಇರಬಹುದು?

ಸಾವಿರ? ನೂರು? ಹೋಗಲಿ, ಹತ್ತು?

ಸೊನ್ನೆ!

ಒಂದು ನರಪಿಳ್ಳೆಯೂ ಇಲ್ಲ! ಹುಲ್ಲುಕಡ್ಡಿಯೂ ಇಲ್ಲ! ಎಲ್ಲೆಲ್ಲೂ ಲೋಹ. ಗೋಡೆ ಲೋಹ, ದಾರಿ ಲೋಹ, ವೀರರು ಲೋಹ, ಖಳರೂ ಲೋಹ!

‘ಟ್ರಾನ್ಸ್‌ಫಾರ್ಮರ್ಸ್: ವಾರ್ ಫಾರ್ ಸೈಬರ್‌ಟ್ರಾನ್’ ಬಂದದ್ದು 2010ರ ಜೂನ್‌ನಲ್ಲಿ. ಕಟ್ಟಿದವರು ಕ್ಯಾಲಿಫೋರ್ನಿಯಾದ ಹೈ ಮೂನ್ ಸ್ಟುಡಿಯೋಸ್, ಹೊರತಂದದ್ದು ಆಕ್ಟಿವಿಷನ್. ಸಿನಿಮಾದ ಬಾಲ ಹಿಡಿದು ಬಂದ ಗೇಮ್ ಅಲ್ಲ ಇದು. ಈ ರೋಬೋಟ್‌ಗಳು ಭೂಮಿಗೆ ಬರುವ ಮೊದಲು ತಮ್ಮ ತವರು ಗ್ರಹ ಸೈಬರ್‌ಟ್ರಾನ್‌ನಲ್ಲಿ ಏನು ಮಾಡುತ್ತಿದ್ದವು? ಆ ಕಥೆ!

ಮತ್ತೆ ಆ ಬಟನ್! ಅದನ್ನು ಹೇಳದೆ ಮುಂದೆ ಹೋಗಲಾರೆ.

ಯಕ್ಷಗಾನದಲ್ಲಿ ವೇಷ ಬದಲಿಸಲು ಚೌಕಿಗೆ ಹೋಗಬೇಕು. ಇಲ್ಲಿ ರಂಗದ ನಡುವೆಯೇ, ಗುಂಡು ಹಾರುತ್ತಿರುವಾಗಲೇ ಒಂದು ಬಟನ್ ಒತ್ತಿ. ಎದೆ ಸೀಳುತ್ತದೆ, ತೋಳು ಮಡಚುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸೇನಾಪತಿ ಆಪ್ಟಿಮಸ್ ಲಾರಿ! ಮತ್ತೆ ಒತ್ತಿ, ಮತ್ತೆ ದೈತ್ಯ! ಕಟ್ಟೆಯಿಂದ ಜಿಗಿಯಿರಿ, ಗಾಳಿಯಲ್ಲೇ ವಾಹನವಾಗಿ! ಎಷ್ಟು ಸಲ ಬೇಕಾದರೂ ಒತ್ತಿ, ಯಾರೂ ಕೇಳುವುದಿಲ್ಲ.

ನೋಡುವವರಿಗೂ ಹಬ್ಬ. ಇದು ಥರ್ಡ್ ಪರ್ಸನ್ ಶೂಟರ್, ಅಂದರೆ ಕ್ಯಾಮೆರಾ ಸದಾ ನಿಮ್ಮ ರೋಬೋಟ್‌ನ ಬೆನ್ನ ಹಿಂದೆ. ಮೈಯ ಒಂದೊಂದು ತಗಡೂ ಹೊರಳುವುದು ಕಣ್ಣಿಗೆ ಬೀಳುತ್ತದೆ!

ಇದರ ಹಿಂದಿನ ಕಷ್ಟ ಊಹಿಸಿದ್ದೀರಾ? ಆಡುವವರು ಯಾವ ಗಳಿಗೆಯಲ್ಲಿ ಕಾಲಲ್ಲಿ ಓಡುತ್ತಾರೋ, ಯಾವಾಗ ಚಕ್ರದ ಮೇಲೆ ನುಗ್ಗುತ್ತಾರೋ, ವಿನ್ಯಾಸಕಾರರಿಗೆ ಗೊತ್ತಿಲ್ಲ! ಹಾಗಾಗಿ ಪ್ರತಿ ಓಣಿಯೂ ಎರಡಕ್ಕೂ ಒಗ್ಗಬೇಕು. ಅವರು ಕಂಡುಕೊಂಡ ಉಪಾಯ ನನಗಂತೂ ಬಲು ಇಷ್ಟ. ಇಲ್ಲಿಯ ಕಾರು ನೆಲದಿಂದ ತುಸು ಮೇಲೆ ತೇಲುತ್ತದೆ. ಪಕ್ಕಕ್ಕೂ ಜರುಗುತ್ತದೆ, ಜರುಗುತ್ತಲೇ ಗುಂಡೂ ಹಾರಿಸುತ್ತದೆ! ವೇಗ ಬೇಕೆಂದಾಗ ಮಾತ್ರ ಚಕ್ರ ನೆಲಕ್ಕಿಳಿಯುತ್ತದೆ.

ಇನ್ನೊಂದು ತಮಾಷೆ. ಕಥೆಯ ಮೊದಲರ್ಧ ಯಾರದು? ನಾಯಕನದಲ್ಲ! ಐದು ಅಧ್ಯಾಯ ಖಳ ಮೆಗಾಟ್ರಾನ್‌ನ ಪಡೆಗೆ. ಊರು ಕೆಡವುವುದು ನೀವೇ. ಆಮೇಲಿನ ಐದರಲ್ಲಿ ಆ ಹಾಳೂರನ್ನು ಉಳಿಸಲು ಹೆಣಗುವುದೂ ನೀವೇ!

ಈಗ ಧ್ವನಿಯ ವಿಷಯ. ಆಪ್ಟಿಮಸ್ ಪ್ರೈಮ್‌ಗೆ ಕಂಠ ಕೊಟ್ಟವರು ಪೀಟರ್ ಕಲ್ಲನ್. 1984ರ ಕಾರ್ಟೂನ್‌ನಲ್ಲಿ ಆಡಿದ ಅದೇ ಗಂಭೀರ ದನಿ! ಇದೇ ಮನುಷ್ಯ ಇನ್ನು ಯಾರಿಗೆಲ್ಲ ದನಿಯಾಗಿದ್ದಾರೆ, ಹೇಳಿ ನೋಡೋಣ.

‘ವಿನ್ನಿ ದ ಪೂ’ ಕಾರ್ಟೂನ್‌ಗಳಲ್ಲಿ ಸದಾ ಮುಖ ಜೋತುಬಿಟ್ಟ ಈಯೋರ್ ಕತ್ತೆ! 1987ರ ‘ಪ್ರಿಡೇಟರ್’ ಸಿನಿಮಾದಲ್ಲಿ ಗಂಟಲಲ್ಲೇ ಕಟಕಟ ಎನ್ನುವ ಆ ಭೀಕರ ಜೀವಿ! ಕತ್ತೆಯೂ ಅವರೇ, ರಾಕ್ಷಸನೂ ಅವರೇ, ಸೇನಾಪತಿಯೂ ಅವರೇ! ಸೇನಾಪತಿಯ ದನಿಗೆ ಮಾದರಿ ಯಾರು ಗೊತ್ತೇ? ವಿಯೆಟ್ನಾಂನಲ್ಲಿ ಕಾದಾಡಿ ಬಂದ ಅವರ ಸ್ವಂತ ಅಣ್ಣ.

2012ರ ಆಗಸ್ಟ್‌ನಲ್ಲಿ ಎರಡನೆಯ ಗೇಮ್, ‘ಫಾಲ್ ಆಫ್ ಸೈಬರ್‌ಟ್ರಾನ್’. ಸೊಕ್ಕು ಇನ್ನೂ ಏರಿತು! ಐವರು ಸೈನಿಕರು ಒಬ್ಬರಿಗೊಬ್ಬರು ಬೆಸೆದುಕೊಂಡು ಬ್ರೂಟಿಕಸ್ ಎಂಬ ಒಬ್ಬನೇ ಮಹಾಕಾಯನಾಗುತ್ತಾರೆ, ಆ ಮಹಾಕಾಯನನ್ನು ಆಡಿಸುವುದು ನೀವು! ಗ್ರಿಮ್‌ಲಾಕ್ ಎಂಬ ಇನ್ನೊಬ್ಬ ಯೋಧನ ಕೈಯಲ್ಲಿ ಬಂದೂಕೇ ಇಲ್ಲ, ಕತ್ತಿ ಗುರಾಣಿ ಅಷ್ಟೇ. ಆದರೆ ಅವನ ಸಿಟ್ಟು ತುಂಬಿ ಬರಲಿ. ಬೆಂಕಿ ಉಗುಳುವ ಲೋಹದ ಡೈನೋಸಾರ್!

ಸಾಲದೇ? ಒಂದು ನಗರವೇ ಎದ್ದು ನಿಲ್ಲುತ್ತದೆ! ಹೆಸರು ಮೆಟ್ರೊಪ್ಲೆಕ್ಸ್. ಗುರಿ ತೋರಿಸುವುದಷ್ಟೇ ನಿಮ್ಮ ಕೆಲಸ, ಹೊಡೆಯುವುದು ಅವನದು. ಅವನು ಅಂಗೈಯಲ್ಲಿ ಯಾರನ್ನು ಹೊಸಕಿ ಹಾಕುತ್ತಾನೆ ಎಂಬುದನ್ನು ಮಾತ್ರ ನಾನು ಬಾಯಿ ಬಿಡುವುದಿಲ್ಲ.

ಈ ಸಂತತಿ ಹುಟ್ಟಿದ್ದೇ ಆಟಿಕೆಯಿಂದ. ಜಪಾನಿನ ಟಕಾರಾ ಕಂಪನಿಯ ಗೊಂಬೆಗಳಿಗೆ 1984ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಹೊಸ ಹೆಸರು, ಹೊಸ ಕಥೆ ಕೊಟ್ಟಿತು. ಆಟಿಕೆಯಿಂದ ಕಥೆ, ಕಥೆಯಿಂದ ಗೇಮ್. ಆದರೆ ಮೊದಲ ಗೇಮ್ ಗಾಡಿಯನ್ನು ಹಿಂದಕ್ಕೆ ತಿರುಗಿಸಿತು! ತೆರೆಯ ಮೇಲಿನ ಇದರ ಆಪ್ಟಿಮಸ್‌ನನ್ನೂ ಅವನ ಜೊತೆಗಾರ ಬಂಬಲ್‌ಬೀಯನ್ನೂ ನೋಡಿ ಹ್ಯಾಸ್ಬ್ರೊ ಹೊಸ ಆಟಿಕೆಗಳನ್ನೇ ಮಾಡಿ ಮಾರಿತು.

ಇನ್ನು ಹೊಟ್ಟೆ ಉರಿಸುವ ಸುದ್ದಿ. 2018 ಶುರುವಾಗುವ ಹೊತ್ತಿಗೆ ಎರಡೂ ಗೇಮ್‌ಗಳು ಆನ್‌ಲೈನ್ ಅಂಗಡಿಗಳಿಂದ ಮಾಯ! 2023ರಲ್ಲಿ ಹ್ಯಾಸ್ಬ್ರೊ ಕಡೆಯಿಂದಲೇ ಇನ್ನೊಂದು ಬಾಂಬ್: ಗೇಮ್‌ಗಳ ಮೂಲ ಕಡತಗಳು ಯಾವ ಹಾರ್ಡ್ ಡ್ರೈವ್‌ನಲ್ಲಿವೆಯೋ ಆಕ್ಟಿವಿಷನ್‌ಗೇ ತಿಳಿಯದಂತೆ! ಅಭಿಮಾನಿಗಳು ಎದೆ ಹಿಡಿದುಕೊಂಡರು. ಕೆಲವೇ ದಿನಗಳಲ್ಲಿ ಆ ಮಾತು ತಪ್ಪೆಂದು ಹ್ಯಾಸ್ಬ್ರೊ ಕ್ಷಮೆ ಕೇಳಿತು. ಸದ್ಯ, ಬದುಕಿದೆವು!

ನಿಮ್ಮ ನೆಂಟರ ಮನೆಯ ಅಟ್ಟದಲ್ಲಿ ಹಳೆಯ ಪ್ಲೇಸ್ಟೇಷನ್ 3 ಅಥವಾ ಎಕ್ಸ್‌ಬಾಕ್ಸ್ 360 ಇದೆಯೇ? ಇಳಿಸಿ, ಧೂಳು ಒರೆಸಿ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮೊದಲ ಗೇಮ್‌ನ ಡಿಸ್ಕ್ ಕಂಡರೆ ಚೌಕಾಸಿಗೆ ನಿಂತು ಕಳೆದುಕೊಳ್ಳಬೇಡಿ. ಆಟವನ್ನು ಖಳರ ಕಡೆಯಿಂದಲೇ ಶುರುಮಾಡಿ!