ಪೋರ್ಟ್ ಅಡಿಲೇಡ್ ಕಂಡ್ರೆ ನಾರ್ವುಡ್‌ಗೆ ಯಾಕೆ ಆಗಲ್ಲ?

ಅಡಿಲೇಡ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು 2020ರ ಡಿಸೆಂಬರ್. ಇಂಡಿಯಾ 36ಕ್ಕೆ ಆಲೌಟ್. ಸರಿ, ಅದನ್ನು ಅಲ್ಲಿಗೇ ಬಿಡೋಣ. ಆದರೆ ಆ ಅಡಿಲೇಡ್ ಓವಲ್ ಇದೆಯಲ್ಲ, ಅದು ಬೇಸಿಗೆಯಲ್ಲಿ ಮಾತ್ರ ಕ್ರಿಕೆಟ್ ಗ್ರೌಂಡು. ಚಳಿಗಾಲದಲ್ಲಿ ಅಲ್ಲಿ ಫುಟ್‌ಬಾಲ್ ನಡೆಯುತ್ತೆ. ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಆ ಊರಲ್ಲಿ ಈ ಆಟದ ಲೋಕಲ್ ಲೀಗ್ ಒಂದಿದೆ, ಅದರಲ್ಲಿ ಎರಡು ಕ್ಲಬ್‌ಗಳು 140 ವರ್ಷಕ್ಕೂ ಹೆಚ್ಚು ಕಾಲದಿಂದ ಜಗಳ ಆಡ್ತಾ ಇವೆ. ಆ ಜಗಳ ಹೇಗೆ ಹುಟ್ಟಿತು, ಕೊನೆಗೆ ಎಲ್ಲಿಗೆ ಬಂತು ಅನ್ನೋದೇ ಈ ಲೇಖನ.

ಮೊದಲು ಆಟ ಏನು ಅಂತ ಬೇಗ ಹೇಳಿಬಿಡ್ತೀನಿ. ಕ್ರಿಕೆಟ್ ಆಡೋರು ಚಳಿಗಾಲದಲ್ಲಿ ಮೈ ಬಗ್ಗಿಸೋಕೆ ಏನಾದರೂ ಬೇಕು ಅಂತ ಮೆಲ್ಬರ್ನ್‌ನಲ್ಲಿ ಶುರು ಮಾಡಿದ ಆಟ ಇದು. 1859ರಲ್ಲಿ ರೂಲ್ಸ್ ಬರೆದರು. ಗ್ರೌಂಡು ಕ್ರಿಕೆಟ್ ಗ್ರೌಂಡಿನ ಥರಾನೇ ಅಂಡಾಕಾರ, ಬಾಲೂ ಅಂಡಾಕಾರ. ಒಂದು ಟೀಮಿಗೆ 18 ಜನ. ಬಾಲನ್ನು ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು, ಒದೆಯಬಹುದು, ಆದರೆ ಎಸೆಯುವ ಹಾಗಿಲ್ಲ. ಪಾಸ್ ಮಾಡಬೇಕಂದ್ರೆ ಒಂದು ಕೈಯಲ್ಲಿ ಇಟ್ಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ ಇರುತ್ತೆ. ಮಧ್ಯದ ಎರಡು ಎತ್ತರದ ಕಂಬಗಳ ನಡುವೆ ಒದ್ದರೆ ಗೋಲ್, 6 ಪಾಯಿಂಟ್. ಸ್ವಲ್ಪ ತಪ್ಪಿ ಪಕ್ಕದ ಕಂಬದೊಳಗೆ ಹೋದರೆ 'ಬಿಹೈಂಡ್', 1 ಪಾಯಿಂಟ್. ಅಂದರೆ ಮಿಸ್ ಆದರೂ ಸ್ಟೆಪ್ ಮಾರ್ಕ್ಸ್ ಕೊಡೋ ಆಟ. ನಮಗೆ ಹೇಳಿ ಮಾಡಿಸಿದ ಹಾಗಿದೆ. ಸ್ಕೋರನ್ನು 12.7 (79) ಅಂತ ಬರೀತಾರೆ: 12 ಗೋಲ್, 7 ಬಿಹೈಂಡ್, ಒಟ್ಟು 79. ಈ ನಂಬರ್ ನೆನಪಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಲೀಗ್ ಶುರುವಾದದ್ದು 1877ರ ಏಪ್ರಿಲ್ 30ರಂದು. ಈಗ ಅದನ್ನು ಎಸ್‌ಎಎನ್‌ಎಫ್‌ಎಲ್ ಅಂತಾರೆ. ಆಸ್ಟ್ರೇಲಿಯಾದಲ್ಲಿ ಇವತ್ತಿಗೂ ನಡೀತಿರೋ ಫುಟ್‌ಬಾಲ್ ಲೀಗ್‌ಗಳಲ್ಲಿ ಅತ್ಯಂತ ಹಳೆಯದು ಇದೇ. ಲೀಗ್ ಕಟ್ಟಿದ ಕ್ಲಬ್‌ಗಳಲ್ಲಿ ಒಂದು ಪೋರ್ಟ್ ಅಡಿಲೇಡ್. ಹುಟ್ಟಿದ್ದು 1870ರಲ್ಲಿ, ಬಂದರಿನ ಏರಿಯಾದಲ್ಲಿ. ಹಡಗಿನಿಂದ ಸರಕು ಇಳಿಸೋರು, ಗೋದಾಮಿನಲ್ಲಿ ಕೆಲಸ ಮಾಡೋರು ಇದ್ದ ಜಾಗ. ಸಿಟಿಯಿಂದ ದೂರ, ವಾಯವ್ಯ ದಿಕ್ಕಿಗೆ. ನಾರ್ವುಡ್ ಲೀಗಿಗೆ ಬಂದದ್ದು ಒಂದು ವರ್ಷ ತಡವಾಗಿ, 1878ರಲ್ಲಿ. ಅದು ಸಿಟಿಯ ಪೂರ್ವಕ್ಕೆ, ಬೆಟ್ಟದ ಕಡೆಗೆ ಇರೋ ಬಡಾವಣೆ, ಸಿಟಿ ಸೆಂಟರ್‌ಗೆ ಹತ್ತಿರ. ಗ್ರೌಂಡಿನ ಮುಂದಿನ ರಸ್ತೆ 'ದಿ ಪರೇಡ್' ಇವತ್ತು ಕೆಫೆಗಳಿಗೆ ಫೇಮಸ್. ಪೋರ್ಟ್‌ನೋರು ನಾರ್ವುಡ್‌ನೋರನ್ನು ಶೋಕಿ ಮಂದಿ ಅಂತಾರೆ, ನಾರ್ವುಡ್‌ನೋರು ಪೋರ್ಟ್‌ನೋರನ್ನು ಒರಟರು ಅಂತಾರೆ. ನಾರ್ವುಡ್‌ನಲ್ಲೂ ಚಿಕ್ಕ ಚಿಕ್ಕ ಮನೆಗಳಲ್ಲಿ ಕೂಲಿ ಜನ ಇದ್ದರು, ಆಮೇಲೆ ಇಟಲಿಯಿಂದ ವಲಸೆ ಬಂದವರೂ ಸುತ್ತಮುತ್ತ ನೆಲೆಸಿದರು. ಆದರೆ ಬೈಯೋವಾಗ ಯಾರೂ ಸೆನ್ಸಸ್ ನೋಡಲ್ಲ.

ನಾರ್ವುಡ್ ಬಂದ ವರ್ಷವೇ ಕಪ್ ಗೆದ್ದಿತು. ಅಷ್ಟೇ ಅಲ್ಲ, 1878ರಿಂದ 1883ರವರೆಗೆ ಸತತ ಆರು ವರ್ಷ ಬೇರೆ ಯಾರಿಗೂ ಬಿಡಲಿಲ್ಲ. 1884ರಲ್ಲಿ ಆ ಓಟ ಮುರಿದು ಕಪ್ ತಗೊಂಡಿದ್ದು ಪೋರ್ಟ್, ಅದು ಅವರ ಮೊದಲನೆಯದು. ಜಗಳದ ಬೀಜ ಅಲ್ಲಿ ಬಿತ್ತು ಅನ್ನಬಹುದು. ಆದರೆ ಬೀಜ ಬಿದ್ದರೆ ಸಾಕಾಗಲ್ಲ, ಅದು ನೂರು ವರ್ಷ ಬೆಳೆಯೋಕೆ ಕಾರಣ ಬೇರೆ. ನನಗೆ ಈ ಕಥೆಯಲ್ಲಿ ಅತಿ ಇಂಟರೆಸ್ಟಿಂಗ್ ಅನಿಸಿದ್ದು ಅದೇ.

1890ರ ದಶಕದ ಕೊನೆಯಲ್ಲಿ ಲೀಗ್ ಒಂದು ರೂಲ್ ತಂತು, 'ಎಲೆಕ್ಟೋರೇಟ್ ಫುಟ್‌ಬಾಲ್' ಅಂತ. ಊರನ್ನು ಚುನಾವಣಾ ಕ್ಷೇತ್ರಗಳ ಲೆಕ್ಕದಲ್ಲಿ ಹಂಚಿ, ಯಾವ ಕ್ಷೇತ್ರದಲ್ಲಿ ನಿನ್ನ ಮನೆ ಇದೆಯೋ ಆ ಕ್ಲಬ್‌ಗೇ ನೀನು ಆಡಬೇಕು ಅಂದರು. ದುಡ್ಡಿರೋ ಕ್ಲಬ್ ಒಳ್ಳೆಯವರನ್ನೆಲ್ಲ ಎಳ್ಕೊಂಡು ಹೋಗಬಾರದು ಅನ್ನೋದು ಉದ್ದೇಶ. ಆದರೆ ಅದರ ಪರಿಣಾಮ ಇನ್ನೂ ಆಳಕ್ಕೆ ಹೋಯಿತು. ಇನ್ನುಮೇಲೆ ಕ್ಲಬ್ ಅನ್ನೋದು ಆಯ್ಕೆ ಅಲ್ಲ, ವಿಳಾಸ. ಗೋಲ್ ಹೊಡೆಯೋ ಹುಡುಗ ನಿಮ್ಮ ಪಕ್ಕದ ಬೀದಿಯವನು, ಅವನಪ್ಪ ನಿಮ್ಮಪ್ಪನ ಜೊತೆ ಕೆಲಸ ಮಾಡ್ತಾನೆ. ಅವನು ಸೋತರೆ ನಿಮ್ಮ ಬೀದಿ ಸೋತ ಹಾಗೆ. ಆರ್‌ಸಿಬಿಗೆ ಆಡೋರು ಆಕ್ಷನ್‌ನಲ್ಲಿ ಬರ್ತಾರೆ, ಹೋಗ್ತಾರೆ, ಆದರೂ ನಾವು ಇಷ್ಟು ಕೂಗ್ತೀವಿ. ಟೀಮಲ್ಲಿರೋ ಎಲ್ಲರೂ ನಮ್ಮ ಏರಿಯಾ ಹುಡುಗರೇ ಆಗಿದ್ದರೆ ಏನಾಗ್ತಿತ್ತು ಯೋಚನೆ ಮಾಡಿ.

ಪೋರ್ಟ್‌ನ ಜೆರ್ಸಿ ಕಥೆಯೂ ಇಲ್ಲೇ ಹೇಳಬೇಕು, ಯಾಕಂದ್ರೆ ಮುಂದೆ ದೊಡ್ಡ ಗಲಾಟೆ ಅದರಿಂದಲೇ. ಮೊದಲು ಅವರ ಬಣ್ಣ ಮೆಜೆಂಟಾ ಮತ್ತು ನೀಲಿ. ಆ ಕಾಲದ ಮೆಜೆಂಟಾ ಡೈ ಒಗೆದ ಹಾಗೆಲ್ಲ ಮಾಸಿ ಹೋಗ್ತಿತ್ತು. ಬೇಸತ್ತು 1902ರಲ್ಲಿ ಕಪ್ಪು ಬಿಳುಪಿಗೆ ಬಂದರು. ಎದೆಯ ಮೇಲೆ ಬಿಳಿ ಪಟ್ಟಿ, ಅದರಿಂದ ಕೆಳಗೆ ಇಳಿಯೋ ಉದ್ದುದ್ದ ಗೆರೆಗಳು. ಬಂದರಿನ ಕಟ್ಟೆಯ ಕೆಳಗಿನ ಮರದ ಕಂಬಗಳ ಹಾಗೆ ಕಾಣುತ್ತೆ ಅಂತ ಅವರ ಹೆಮ್ಮೆ. ಉಳಿದವರು ಅದಕ್ಕೆ ಇಟ್ಟ ಹೆಸರು 'ಪ್ರಿಸನ್ ಬಾರ್ಸ್', ಜೈಲಿನ ಕಂಬಿ. ತಮಾಷೆ ಏನಂದ್ರೆ ಪೋರ್ಟ್‌ನೋರು ಆ ಬೈಗುಳವನ್ನೇ ಪ್ರೀತಿಯಿಂದ ಇಟ್ಕೊಂಡರು. ಕಪ್ಪು ಬಿಳಿ ಬಣ್ಣಕ್ಕೆ ತಕ್ಕ ಹಾಗೆ ಟೀಮಿನ ಅಡ್ಡಹೆಸರು ಮ್ಯಾಗ್‌ಪೈಸ್ ಆಯಿತು, ಆ ಬಣ್ಣದ ಹಕ್ಕಿಯ ಹೆಸರು. ನಾರ್ವುಡ್‌ನದ್ದು ಗಾಢ ನೀಲಿ, ಕೆಂಪು. ಕೆಂಪು ಸಾಕ್ಸ್‌ನಿಂದಾಗಿ ರೆಡ್‌ಲೆಗ್ಸ್.

ಆ ಜೆರ್ಸಿಯಲ್ಲಿ ಪೋರ್ಟ್ 1914ರಲ್ಲಿ ಇಡೀ ಸೀಸನ್ ಒಂದು ಮ್ಯಾಚೂ ಸೋಲಲಿಲ್ಲ. ಫೈನಲ್‌ನಲ್ಲಿ ನಾರ್ತ್ ಅಡಿಲೇಡ್‌ಗೆ ಬಿಟ್ಟುಕೊಟ್ಟಿದ್ದು ಒಂದೇ ಒಂದು ಗೋಲ್. ಆದರೆ ನಾರ್ವುಡ್‌ಗೆ ನಿಜವಾಗಿ ಉರಿ ಹತ್ತಿದ್ದು 1950ರ ದಶಕದಲ್ಲಿ. ಫಾಸ್ ವಿಲಿಯಮ್ಸ್ ಅನ್ನೋ ಪ್ಲೇಯರ್ 1950ರಲ್ಲಿ ಪೋರ್ಟ್‌ಗೆ ಕ್ಯಾಪ್ಟನ್ ಕಮ್ ಕೋಚ್ ಆಗಿ ಬಂದ. ಕೋಚ್ ಆಗಿ ಒಂಬತ್ತು ಕಪ್ ಗೆದ್ದ. 1954ರಿಂದ 1959ರವರೆಗೆ ಪೋರ್ಟ್ ಸತತ ಆರು ಗೆದ್ದಿತು, ಅದರಲ್ಲಿ ಐದು ಅವನ ಕೈಯಲ್ಲಿ. ಆರು ಅಂದರೆ ಗೊತ್ತಾಯ್ತಲ್ಲ, ನಾರ್ವುಡ್‌ನ ಹಳೇ ರೆಕಾರ್ಡ್ ಸರಿಸಮ. ಅದೇ ಹೊತ್ತಿಗೆ ನಾರ್ವುಡ್‌ಗೆ ಬರ. 1950ರಲ್ಲಿ ಒಂದು ಕಪ್, ಮುಂದಿನದು 1975ರಲ್ಲಿ. ಇಪ್ಪತ್ತೈದು ವರ್ಷ! ಎದುರಾಳಿ ಹಬ್ಬ ಮಾಡೋದನ್ನ ನೋಡ್ಕೊಂಡು ಒಂದು ತಲೆಮಾರೇ ಬೆಳೆದಿದೆ.

ಅದಕ್ಕೇ 1984 ನಾರ್ವುಡ್‌ನೋರಿಗೆ ಅಷ್ಟು ಇಷ್ಟ. ಆ ವರ್ಷ ಅವರು ಐದನೇ ಸ್ಥಾನದಲ್ಲಿದ್ದು ಕಷ್ಟಪಟ್ಟು ಫೈನಲ್ಸ್‌ಗೆ ಬಂದವರು. ಅಲ್ಲಿಂದ ಒಂದೂ ಸೋಲದೆ ಗೆಲ್ತಾ ಗೆಲ್ತಾ ಗ್ರ್ಯಾಂಡ್ ಫೈನಲ್‌ಗೆ ಬಂದರು. ಎದುರಿಗೆ ಪೋರ್ಟ್. ಗೆದ್ದದ್ದು 9 ಪಾಯಿಂಟ್‌ನಿಂದ. ಐದನೇ ಸ್ಥಾನದಿಂದ ಬಂದು ಕಪ್ ಎತ್ತಿದ್ದು ಆ ಲೀಗಿನಲ್ಲಿ ಅದೇ ಮೊದಲು.

ಇಲ್ಲಿವರೆಗಿನದು ಎಲ್ಲ ಊರಲ್ಲೂ ಇರೋ ಜಗಳವೇ. 1990ರಲ್ಲಿ ಆಗಿದ್ದು ಬೇರೆ ಥರ.

ಮೆಲ್ಬರ್ನ್‌ನ ದೊಡ್ಡ ಲೀಗು ಆ ಹೊತ್ತಿಗೆ ಪರ್ತ್, ಬ್ರಿಸ್ಬೇನ್‌ನ ತಂಡಗಳನ್ನು ಸೇರಿಸ್ಕೊಂಡು, ಹೆಸರನ್ನು ಎಎಫ್‌ಎಲ್ ಅಂತ ಬದಲಿಸ್ಕೊಂಡು ದೇಶದ ಲೀಗ್ ಆಗೋಕೆ ಹೊರಟಿತ್ತು. ಟಿವಿ, ದುಡ್ಡು ಎಲ್ಲ ಅಲ್ಲಿ. ಅಡಿಲೇಡ್‌ನ ಒಳ್ಳೊಳ್ಳೆ ಆಟಗಾರರು ಒಬ್ಬೊಬ್ಬರಾಗಿ ಆ ಕಡೆ ಹೋಗ್ತಿದ್ದರು. ಎಸ್‌ಎಎನ್‌ಎಫ್‌ಎಲ್ ಕ್ಲಬ್‌ಗಳೆಲ್ಲ ಕೂತು ಸದ್ಯಕ್ಕೆ ನಾವು ಎಎಫ್‌ಎಲ್‌ಗೆ ಹೋಗೋದು ಬೇಡ, ಒಟ್ಟಿಗೆ ಇರೋಣ ಅಂತ ತೀರ್ಮಾನ ಮಾಡಿದವು. ಆಮೇಲೆ ಪೋರ್ಟ್ ಗುಟ್ಟಾಗಿ ಎಎಫ್‌ಎಲ್ ಜೊತೆ ಮಾತಾಡಿ, ನಾವೊಬ್ಬರೇ ಬರ್ತೀವಿ ಅಂತ ಒಪ್ಪಂದಕ್ಕೆ ಸೈನ್ ಹಾಕಿತು. ಸುದ್ದಿ ಹೊರಬಿದ್ದಾಗ ಊರಿಗೆ ಬೆಂಕಿ ಬಿದ್ದ ಹಾಗಾಯಿತು. ಬೇರೆ ಕ್ಲಬ್‌ಗಳು ಕೋರ್ಟಿಗೆ ಹೋಗಿ ತಡೆ ತಂದವು. ಲೀಗ್ ಅವಸರವಸರವಾಗಿ ಇಡೀ ರಾಜ್ಯದ ಪರವಾಗಿ 'ಅಡಿಲೇಡ್ ಕ್ರೋಸ್' ಅನ್ನೋ ಹೊಸ ಟೀಮ್ ಕಟ್ಟಿ ಎಎಫ್‌ಎಲ್‌ಗೆ ಕಳಿಸಿತು. 1991ರಲ್ಲಿ ಅವರು ಆಡೋಕೆ ಶುರು ಮಾಡಿದರು.

ಪೋರ್ಟ್ ಮಾಡಿದ್ದು ದ್ರೋಹವಾ? ನಾರ್ವುಡ್‌ನವರನ್ನು ಕೇಳಿದರೆ ಎರಡನೇ ಮಾತೇ ಇಲ್ಲ. ನನಗೆ ಅಷ್ಟು ಸುಲಭ ಅನಿಸಲ್ಲ. ಪೋರ್ಟ್‌ನ ಕಡೆಯಿಂದ ನೋಡಿ: ಲೀಗಿನಲ್ಲಿ ಅತಿ ಹೆಚ್ಚು ಗೆದ್ದ ಕ್ಲಬ್ ಅದು, ಕಣ್ಣೆದುರಿಗೇ ಲೀಗ್ ಎರಡನೇ ದರ್ಜೆಗೆ ಇಳೀತಿದೆ, ಮೇಲಿನ ಬಾಗಿಲು ಯಾವಾಗ ಮುಚ್ಚುತ್ತೋ ಗೊತ್ತಿಲ್ಲ. ಆದರೆ ಎಲ್ಲರೂ ಸೇರಿ ಕೈ ಎತ್ತಿದ ಮೇಲೆ ಹಿಂದಿನ ಬಾಗಿಲಿಂದ ಹೋಗಿದ್ದು ಮಾತ್ರ ಸರಿ ಅಂತ ಹೇಳೋಕಾಗಲ್ಲ. ಅವರು ಹಾಗೆ ಮಾಡದಿದ್ದರೆ ಕ್ರೋಸ್ ಅಷ್ಟು ಬೇಗ ಹುಟ್ಟುತ್ತಲೇ ಇರಲಿಲ್ಲ ಅನ್ನೋದೂ ನಿಜ. ಹೋಗಬಹುದಾಗಿದ್ದೂ ಹೋಗದೆ ಉಳಿದವರೂ ಇದ್ದರು. ನಾರ್ವುಡ್‌ನ ಗ್ಯಾರಿ ಮೆಕಿಂಟಾಷ್ ಲೀಗಿನ ಬೆಸ್ಟ್ ಪ್ಲೇಯರ್‌ಗೆ ಕೊಡೋ ಮಗಾರಿ ಮೆಡಲನ್ನು ಎರಡು ಸಲ ಗೆದ್ದವನು. ಎಎಫ್‌ಎಲ್‌ನಲ್ಲಿ ಒಂದು ಮ್ಯಾಚೂ ಆಡಲಿಲ್ಲ.

ಪೋರ್ಟ್‌ಗೆ ಎಎಫ್‌ಎಲ್ ಲೈಸೆನ್ಸ್ ಸಿಕ್ಕಿದ್ದು 1994ರಲ್ಲಿ, ಮೊದಲ ಸೀಸನ್ 1997. ಆದರೆ ಮೇಲೆ ಹೋಗೋಕೆ ಹೆಸರು, ಬಣ್ಣ ಎರಡನ್ನೂ ಕೆಳಗೇ ಬಿಡಬೇಕಾಯಿತು. ಎಎಫ್‌ಎಲ್‌ನಲ್ಲಿ ಕಪ್ಪು ಬಿಳಿ ಜೆರ್ಸಿಯ ಮ್ಯಾಗ್‌ಪೈಸ್ ಆಗಲೇ ಇತ್ತು, ಮೆಲ್ಬರ್ನ್‌ನ ಕಾಲಿಂಗ್‌ವುಡ್. ಅದು ಹುಟ್ಟಿದ್ದು 1892ರಲ್ಲಿ, ಪೋರ್ಟ್‌ಗಿಂತ ಚಿಕ್ಕದು. ಆದರೆ ಮೊದಲು ಸೀಟು ಹಿಡಿದವರದ್ದೇ ಸೀಟು. ಪೋರ್ಟ್ 'ಪವರ್' ಆಯಿತು, ಜೆರ್ಸಿಗೆ ಹಸಿರು ನೀಲಿ ಮಿಶ್ರಿತ ಟೀಲ್ ಬಣ್ಣ ಸೇರಿತು. ಹಳೇ ಮ್ಯಾಗ್‌ಪೈಸ್ ಬೇರೆ ತಂಡವಾಗಿ ಎಸ್‌ಎಎನ್‌ಎಫ್‌ಎಲ್‌ನಲ್ಲೇ ಉಳಿಯಿತು. ಆ ವರ್ಷದ ಲೋಕಲ್ ಫೈನಲ್‌ನಲ್ಲಿ ನಾರ್ವುಡ್ ಅದನ್ನು ಹೀನಾಯವಾಗಿ ಸೋಲಿಸಿತು, ಮೆಕಿಂಟಾಷ್ ಆ ಟೀಮಲ್ಲಿದ್ದ. 1999ರಲ್ಲಿ ಪೋರ್ಟ್ ಅದೇ ನಾರ್ವುಡ್ ವಿರುದ್ಧ ಗೆದ್ದು ಸೇಡು ತೀರಿಸಿತು. ಅದು ಅವರ 36ನೇ ಕಪ್. (ಅಡಿಲೇಡ್‌ಗೂ 36ಕ್ಕೂ ಏನೋ ನಂಟಿದೆ.) ಅಲ್ಲಿಂದೀಚೆಗೆ ಲೋಕಲ್ ಲೀಗಿನಲ್ಲಿ ಅವರಿಗೆ ಇನ್ನೊಂದು ಸಿಕ್ಕಿಲ್ಲ.

2014ರಿಂದ ಮ್ಯಾಗ್‌ಪೈಸ್ ಅಂದರೆ ಪವರ್‌ನ ರಿಸರ್ವ್ ಟೀಮ್. ಎಎಫ್‌ಎಲ್‌ನಲ್ಲಿ ಚಾನ್ಸ್ ಸಿಗದವರು, ಗಾಯದಿಂದ ಚೇತರಿಸಿಕೊಳ್ತಿರೋರು ಬಂದು ಆಡ್ತಾರೆ. ಅವರನ್ನು ಎಎಫ್‌ಎಲ್ ಡ್ರಾಫ್ಟ್ ಕಳಿಸೋದು ದೇಶದ ಯಾವ್ಯಾವ ಮೂಲೆಯಿಂದಲೋ. ಇದಕ್ಕೆ ಬದಲಾಗಿ ಪೋರ್ಟ್ ತನ್ನ ಜ್ಯೂನಿಯರ್ ಝೋನನ್ನು ಬಿಟ್ಟುಕೊಟ್ಟಿತು, ಆ ಏರಿಯಾ ಬೇರೆ ಕ್ಲಬ್‌ಗಳ ಪಾಲಾಯಿತು. ಅಂದರೆ ಬಂದರಿನ ಬೀದಿಯಲ್ಲಿ ಹುಟ್ಟಿದ ಹುಡುಗ ಲೀಗಿಗೆ ಬರೋದು ಇನ್ನೊಂದು ಕ್ಲಬ್‌ನ ಮೂಲಕ. ನೂರು ವರ್ಷ ಆ ಕ್ಲಬ್ಬನ್ನು ಕಟ್ಟಿದ ವಿಳಾಸವೇ ಕೈಬಿಟ್ಟು ಹೋಯಿತು.

ಹಾಗಂತ ಜಗಳ ನಿಂತಿಲ್ಲ. ಅದೇ 2014ರ ಗ್ರ್ಯಾಂಡ್ ಫೈನಲ್ ಮತ್ತೆ ನಾರ್ವುಡ್, ಪೋರ್ಟ್ ನಡುವೆ, ಅಡಿಲೇಡ್ ಓವಲ್‌ನಲ್ಲಿ. ನಾರ್ವುಡ್ 12.7 (79), ಪೋರ್ಟ್ 10.15 (75). ಲೆಕ್ಕ ಹಾಕಿ ನೋಡಿ: ಪೋರ್ಟ್ 25 ಸಲ ಸ್ಕೋರ್ ಮಾಡಿದೆ, ನಾರ್ವುಡ್ 19 ಸಲ. ಆದರೂ ಸೋತದ್ದು ಪೋರ್ಟ್, ನಾಲ್ಕೇ ಪಾಯಿಂಟ್‌ನಿಂದ. ಆ ಹದಿನೈದು ಬಿಹೈಂಡ್‌ಗಳಲ್ಲಿ ಒಂದೇ ಒಂದು ಸ್ವಲ್ಪ ನೇರ ಹೋಗಿದ್ದರೆ ಕಪ್ ಕೈ ಬದಲಾಗ್ತಿತ್ತು. ನಾರ್ವುಡ್‌ಗೆ ಅದು ಸತತ ಮೂರನೇ ಕಪ್. 2022ರದ್ದೂ ಸೇರಿ ಅವರ ಲೆಕ್ಕ 31.

ಪೋರ್ಟ್‌ಗೆ ಇದ್ದ ಇನ್ನೊಂದು ಜಗಳ ಜೆರ್ಸಿಯದ್ದು. ಕ್ಲಬ್‌ಗೆ 150 ವರ್ಷ ತುಂಬಿದ 2020ರಲ್ಲಿ ಕ್ರೋಸ್ ವಿರುದ್ಧದ ಡರ್ಬಿಗೆ ಪ್ರಿಸನ್ ಬಾರ್ಸ್ ಹಾಕೋಕೆ ಬಿಟ್ಟರು. 2021ರಲ್ಲಿ ಮತ್ತೆ ಕೇಳಿದಾಗ ಆಗಲ್ಲ ಅಂದರು, ಹಾಕಿದರೆ ಪಾಯಿಂಟ್ ಕಟ್ ಅಂತ ಎಎಫ್‌ಎಲ್ ಎಚ್ಚರಿಕೆಯನ್ನೂ ಕೊಟ್ಟಿತು. ಮ್ಯಾಚನ್ನು ಬೇರೆ ಜೆರ್ಸಿಯಲ್ಲಿ ಆಡಿ ಗೆದ್ದರು. ಆಮೇಲೆ ಡ್ರೆಸ್ಸಿಂಗ್ ರೂಮಿಗೆ ಹೋಗಿ, ಆಟಗಾರರೆಲ್ಲ ಪ್ರಿಸನ್ ಬಾರ್ಸ್ ಹಾಕ್ಕೊಂಡು ಕ್ಲಬ್ ಹಾಡು ಹಾಡಿದರು. ಕೆಳಗಿನ ಲೀಗಿನಲ್ಲಿ, ನಾರ್ವುಡ್ ವಿರುದ್ಧ ಆಡೋ ರಿಸರ್ವ್ ಹುಡುಗರಿಗೆ ಅದನ್ನ ಹಾಕ್ಕೊಳ್ಳೋಕೆ ಕಾಲಿಂಗ್‌ವುಡ್‌ನ ಕೇಳೋ ಅಗತ್ಯವೇ ಇಲ್ಲ.