ತರಗತಿಯ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸುವಲ್ಲಿ ಭಾಗಾಕಾರ ಮತ್ತು ಅಪವರ್ತನಗಳ ಬಳಕೆ

ಶಾಲಾ ಭೇಟಿಯ ಸಂದರ್ಭದಲ್ಲಿ ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರು ದಾಖಲಾತಿ, ಹಾಜರಾತಿ, ಬಿಸಿಯೂಟ, ಕುಡಿಯುವ ನೀರು, ಶೌಚಾಲಯ ಇವುಗಳನ್ನು ಪರಿಶೀಲಿಸುವುದು ವಾಡಿಕೆ. ಮಕ್ಕಳು ಗುಂಪುಗಳಲ್ಲಿ ಹೇಗೆ ಕುಳಿತಿದ್ದಾರೆ ಎಂಬುದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಆದರೆ ಕಲಿಕಾ ಸಾಮಗ್ರಿ ಅಥವಾ ಮೇಜುಗಳ ಬೇಡಿಕೆ ಪಂಚಾಯಿತಿಯ ಮುಂದೆ ಬಂದಾಗ ಎಷ್ಟು ಖರೀದಿಸಬೇಕೆಂಬುದು ಈ ಅಂಶವನ್ನೇ ಅವಲಂಬಿಸಿರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 1ರಿಂದ 5ನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಇಬ್ಬರು ಐದು ತರಗತಿಗಳನ್ನು ನಿರ್ವಹಿಸುವ ಶಾಲೆಯಲ್ಲಿ ಗುಂಪು ಕಲಿಕೆಯು ಅನಿವಾರ್ಯ.

ಒಂದು ತರಗತಿಯಲ್ಲಿ 24 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. 24ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 1, 2, 3, 4, 6, 8, 12 ಮತ್ತು 24. ಇವೇ ಅದರ ಅಪವರ್ತನಗಳು. ನಾಲ್ವರಂತೆ ಆರು ಗುಂಪು, ಆರು ಮಂದಿಯಂತೆ ನಾಲ್ಕು ಗುಂಪು, ಮೂವರಂತೆ ಎಂಟು ಗುಂಪು, ಹೀಗೆ ಶಿಕ್ಷಕರಿಗೆ ಹಲವು ಆಯ್ಕೆಗಳು ದೊರೆಯುತ್ತವೆ. ಇಲ್ಲಿ ಎರಡು ಪ್ರಶ್ನೆಗಳಿರುವುದನ್ನು ಗಮನಿಸಬೇಕು: ಗುಂಪುಗಳೆಷ್ಟು ಮತ್ತು ಪ್ರತಿ ಗುಂಪಿನಲ್ಲಿ ಮಕ್ಕಳೆಷ್ಟು. ಸಾಮಗ್ರಿಯ ಪೆಟ್ಟಿಗೆಗಳು ಸೀಮಿತವಾಗಿದ್ದರೆ ಮೊದಲನೆಯದನ್ನು, ಚಟುವಟಿಕೆಗೆ ಇಂತಿಷ್ಟೇ ಮಂದಿ ಬೇಕಿದ್ದರೆ ಎರಡನೆಯದನ್ನು ಮೊದಲು ನಿರ್ಧರಿಸಬೇಕಾಗುತ್ತದೆ.

ತೊಂದರೆ ಬರುವುದು 23, 29, 31ರಂತಹ ಸಂಖ್ಯೆಗಳಲ್ಲಿ. ಇವು ಅವಿಭಾಜ್ಯ ಸಂಖ್ಯೆಗಳು. 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಅಪವರ್ತನವಿಲ್ಲ. 31 ಮಕ್ಕಳನ್ನು ಐವರಂತೆ ವಿಂಗಡಿಸಿದರೆ ಆರು ಗುಂಪುಗಳಾಗಿ ಒಂದು ಮಗು ಉಳಿಯುತ್ತದೆ. ಕಾಗದದ ಮೇಲೆ ಅದು ಕೇವಲ ಶೇಷ 1. ತರಗತಿಯಲ್ಲಾದರೋ ಗೋಡೆಯ ಬದಿಯಲ್ಲಿ ಪೆಟ್ಟಿಗೆಯೂ ಜೊತೆಗಾರರೂ ಇಲ್ಲದೆ ಕುಳಿತ ಮಗು. ಬಹುತೇಕ ತಡವಾಗಿ ಬರುವ ಅಥವಾ ಹೊಸದಾಗಿ ಸೇರಿದ ಮಗುವೇ ಆ ಸ್ಥಾನಕ್ಕೆ ಬೀಳುತ್ತದೆ. ಆದ್ದರಿಂದ ಶೇಷವನ್ನು ಪ್ರತ್ಯೇಕವಾಗಿ ಇಡದೆ ಗುಂಪುಗಳಿಗೆ ಹಂಚತಕ್ಕದ್ದು: ಐದು ಗುಂಪುಗಳಲ್ಲಿ ಐವರು, ಒಂದರಲ್ಲಿ ಆರು ಮಂದಿ. 23 ಮಕ್ಕಳನ್ನು ನಾಲ್ವರಂತೆ ವಿಂಗಡಿಸಿದರೆ ಶೇಷ 3. ಆ ಮೂವರೇ ಆರನೆಯ ಗುಂಪಾಗಬಹುದು. ಪೆಟ್ಟಿಗೆಗಳು ಐದೇ ಇದ್ದರೆ ಮೂರು ಗುಂಪುಗಳಲ್ಲಿ ಐವರು, ಎರಡರಲ್ಲಿ ನಾಲ್ವರು ಆಗಬಹುದು. ಗುಂಪುಗಳ ನಡುವೆ ಒಬ್ಬರ ವ್ಯತ್ಯಾಸವಿದ್ದರೆ ಕಲಿಕೆಗೆ ಬಾಧಕವಿಲ್ಲ.

ಬಾಲಕ ಬಾಲಕಿಯರು ಎಲ್ಲ ಗುಂಪುಗಳಲ್ಲಿಯೂ ಸಮಪ್ರಮಾಣದಲ್ಲಿ ಇರಬೇಕೆಂದಾದರೆ ಮಹತ್ತಮ ಸಾಮಾನ್ಯ ಅಪವರ್ತನವು ನೆರವಾಗುತ್ತದೆ. 24 ಬಾಲಕಿಯರು, 18 ಬಾಲಕರು ಇದ್ದಲ್ಲಿ ಅದು 6. ಅಂದರೆ ಗರಿಷ್ಠ ಆರು ಗುಂಪುಗಳನ್ನು ಮಾಡಬಹುದು. ಪ್ರತಿಯೊಂದರಲ್ಲಿ ನಾಲ್ವರು ಬಾಲಕಿಯರು, ಮೂವರು ಬಾಲಕರು.

ಖರೀದಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮೂರು ತರಗತಿಗಳಲ್ಲಿ ಕ್ರಮವಾಗಿ 24, 30 ಮತ್ತು 36 ಮಕ್ಕಳಿದ್ದು, ಗಣಿತ ಸಾಮಗ್ರಿಯ ಪೆಟ್ಟಿಗೆಗಳನ್ನು ಅವರು ಸರದಿಯಂತೆ ಬಳಸುತ್ತಾರೆ ಎಂದು ಭಾವಿಸೋಣ. ಆರು ಪೆಟ್ಟಿಗೆಗಳಿದ್ದರೆ ಪ್ರತಿ ಪೆಟ್ಟಿಗೆಗೆ ನಾಲ್ವರು, ಐವರು, ಆರು ಮಂದಿಯಂತೆ ಮೂರೂ ತರಗತಿಗಳು ಶೇಷವಿಲ್ಲದೆ ವಿಂಗಡಣೆಯಾಗುತ್ತವೆ. ಏಳು ತಂದರೆ ಮೂರರಲ್ಲಿ ಒಂದೂ ಸಮನಾಗಿ ಭಾಗವಾಗುವುದಿಲ್ಲ. ಒಂದು ಪೆಟ್ಟಿಗೆ ಹೆಚ್ಚಿದ್ದರೆ ಒಳ್ಳೆಯದೇ ಎಂಬ ಅಭಿಪ್ರಾಯ ಸಭೆಗಳಲ್ಲಿ ಕೇಳಿಬರುವುದುಂಟು. ಈ ಏಳನೆಯದರ ಹಣವನ್ನು ಕಳೆದುಹೋಗುವ ಬಿಡಿಭಾಗಗಳಿಗೆ ಮೀಸಲಿಡುವುದು ಲೇಸು.

ದಾಖಲಾತಿ ಸಂಖ್ಯೆಯನ್ನೇ ನಂಬುವಂತೆಯೂ ಇಲ್ಲ. ಸುಗ್ಗಿ, ಜಾತ್ರೆಗಳ ದಿನಗಳಲ್ಲಿ 36 ಇದ್ದದ್ದು 31ಕ್ಕೆ ಇಳಿಯಬಹುದು. ಆದಕಾರಣ ಬೇಡಿಕೆಯನ್ನು ಪರಿಶೀಲಿಸುವಾಗ ತರಗತಿವಾರು ದಾಖಲಾತಿಯ ಜೊತೆಗೆ ಸಾಮಾನ್ಯ ದಿನಗಳ ಹಾಜರಾತಿಯನ್ನೂ ಮುಖ್ಯ ಶಿಕ್ಷಕರಿಂದ ಪಡೆಯುವುದು ಸೂಕ್ತ. ನೆಲಕ್ಕೆ ಜೋಡಿಸಿದ ಬೆಂಚುಗಳಿಗಿಂತ ಸರಿಸಬಹುದಾದ ಮೇಜುಗಳು ಮೇಲು; ಗುಂಪಿನ ಗಾತ್ರ ದಿನದಿನಕ್ಕೆ ಬದಲಾಗುತ್ತದೆ.

1ರಿಂದ 3ನೇ ತರಗತಿಯ ನಲಿ-ಕಲಿ ಕೊಠಡಿಗಳಿಗೆ ಮಾತ್ರ ಈ ಸಮ ವಿಂಗಡಣೆಯನ್ನು ಅನ್ವಯಿಸಬಾರದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಿನಲ್ಲಿದೆ, ಅದಕ್ಕೆ ಶಿಕ್ಷಕರ ನೆರವು ಎಷ್ಟು ಬೇಕು ಎಂಬುದರ ಮೇಲೆ ಗುಂಪು ನಿರ್ಧಾರವಾಗುತ್ತದೆ. ಅಲ್ಲಿ ಒಂದು ಗುಂಪಿನಲ್ಲಿ ಒಂಬತ್ತು ಮಕ್ಕಳೂ ಮತ್ತೊಂದರಲ್ಲಿ ಮೂವರೂ ಕಂಡುಬಂದಲ್ಲಿ ಅದನ್ನು ಲೋಪವೆಂದು ಭೇಟಿ ಪುಸ್ತಕದಲ್ಲಿ ದಾಖಲಿಸುವ ಅಗತ್ಯವಿಲ್ಲ.