ಮನೆಮಂದಿಗೆಲ್ಲ ಒಂದೇ ಗ್ರಂಥಭಂಡಾರ

ಶಿವಮೊಗ್ಗೆಯ ಸಮೀಪದಲ್ಲಿ ತುಂಗಾನದಿಯ ಒಂದು ದಡಕ್ಕೆ ಮತ್ತೂರು, ಎದುರು ದಡಕ್ಕೆ ಹೊಸಹಳ್ಳಿ. ಮೊದಲನೆಯದು ಸಂಸ್ಕೃತ ಸಂಭಾಷಣೆಗೆ ಹೆಸರಾಗಿರುವಂತೆ ಎರಡನೆಯದು ಗಮಕಕ್ಕೆ ಹೆಸರಾದ ಗ್ರಾಮ; ಅಲ್ಲಿಯ ಹಿರಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಗಮಕಿಯು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ತಾಳದ ಕಟ್ಟಿಗೆ ಒಳಪಡಿಸದೆ, ಭಾವಕ್ಕೆ ಒಪ್ಪುವ ರಾಗದಲ್ಲಿ ಪದಪದವನ್ನೂ ಬಿಡಿಸಿ ವಾಚಿಸುತ್ತಿರಲು, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಅದರ ಅರ್ಥವನ್ನು ತಿಳಿಗನ್ನಡದಲ್ಲಿ ಬಿತ್ತರಿಸುತ್ತ ಹೋಗುವನು. ಕೇಳುವವರಲ್ಲಿ ಅಜ್ಜಿಯೂ ಇರುವಳು, ಶಾಲೆಗೆ ಹೋಗುವ ಮೊಮ್ಮಗನೂ ಇರುವನು. ಭೀಮನ ಗದೆಯ ಆರ್ಭಟಕ್ಕೆ ಬಾಲಕನ ಮೈ ನವಿರೇಳುವ ಕಡೆಯಲ್ಲಿಯೇ ಕರ್ಣನ ಮನಸ್ಸಿನ ತೊಳಲಾಟಕ್ಕೆ ಅಜ್ಜಿಯ ಕಣ್ಣು ತೇವವಾಗುವುದು. ಕಾವ್ಯವೊಂದೇ, ಪಡೆಯುವ ಫಲ ಮಾತ್ರ ಅವರವರ ವಯಸ್ಸಿಗೂ ಅನುಭವಕ್ಕೂ ತಕ್ಕಂಥದು.

ಮಕ್ಕಳ ಪುಸ್ತಕ, ತರುಣರ ಪುಸ್ತಕ, ಹಿರಿಯರ ಪುಸ್ತಕ ಎಂದು ಅಂಗಡಿಯ ಕಪಾಟುಗಳನ್ನು ಬೇರ್ಪಡಿಸುವುದು ವ್ಯಾಪಾರಕ್ಕೆ ಅನುಕೂಲವಾದ ಕ್ರಮವೇ ಹೊರತು ಮನೆಯ ಗ್ರಂಥಭಂಡಾರಕ್ಕೆ ಆದರ್ಶವಾಗತಕ್ಕದ್ದಲ್ಲ. ಮನೆಯೊಂದರಲ್ಲಿ ಪುಸ್ತಕಗಳನ್ನು ಕೂಡಿಸುವಾಗ ನಾನು ಮುಖ್ಯವೆಂದು ಎಣಿಸುವ ಪರೀಕ್ಷೆಯು ಒಂದೇ: ಹಿರಿಯರು ಗಟ್ಟಿಯಾಗಿ ಓದುವಾಗ ಓದುವವರಿಗೆ ಬೇಸರವಾಗದೆ, ಕೇಳುವ ಕಿರಿಯರು ಎದ್ದು ಹೋಗದೆ ಇರುವಂಥ ಕೃತಿ ಅದಾಗಿದೆಯೆ?

ಆ ಪರೀಕ್ಷೆಯಲ್ಲಿ ಅಗ್ರಸ್ಥಾನಕ್ಕೆ ಅರ್ಹವಾದದ್ದು ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’. 1950ರಲ್ಲಿ ಪ್ರಕಟವಾದ ಈ ಗ್ರಂಥದಲ್ಲಿ ವ್ಯಾಸಭಾರತದ ಮಹಾರಣ್ಯವನ್ನು ಶಾಸ್ತ್ರಿಗಳು ಒಂದೇ ಸಂಪುಟಕ್ಕೆ ಇಳಿಸಿರುವರು. ‘ಪ್ರಬುದ್ಧ ಕರ್ಣಾಟಕ’ದಂಥ ವಿದ್ವತ್ಪತ್ರಿಕೆಯನ್ನು ಕಟ್ಟಿದ ಪಂಡಿತರಾಗಿಯೂ ಅವರು ಇಲ್ಲಿ ಪಾಂಡಿತ್ಯವನ್ನು ಮೆರೆಯಿಸದೆ ಕಥೆಯನ್ನು ಮುಂದಕ್ಕೆ ನಡೆಯಗೊಟ್ಟಿರುವುದು ನಮ್ಮ ಗದ್ಯದ ಭಾಗ್ಯ. ಯಕ್ಷಪ್ರಶ್ನೆಯ ಪ್ರಸಂಗವನ್ನು ತೆಗೆದುಕೊಳ್ಳಬಹುದು. ನಾಲ್ವರು ತಮ್ಮಂದಿರೂ ಸರೋವರದ ದಡದಲ್ಲಿ ನಿಶ್ಚೇಷ್ಟಿತರಾಗಿ ಬಿದ್ದಿರುವಾಗ, ಒಬ್ಬನನ್ನು ಮಾತ್ರ ಬದುಕಿಸುವೆನೆಂದ ಯಕ್ಷನಿಗೆ ಧರ್ಮರಾಯನು ನಕುಲನ ಹೆಸರನ್ನು ಹೇಳುವನು. ‘ಭೀಮನನ್ನಾಗಲಿ ಅರ್ಜುನನನ್ನಾಗಲಿ ಏಕೆ ಕೇಳಲಿಲ್ಲ, ಅಪ್ಪಾ? ಯುದ್ಧಕ್ಕೆ ಅವರೇ ಬೇಕಲ್ಲವೆ?’ ಎಂದು ಮಗು ಕೇಳಿಯೇ ಕೇಳುವುದು. ಕುಂತಿಗೆ ತಾನೊಬ್ಬನು ಉಳಿದಿರುವಂತೆ ಮಾದ್ರಿಗೂ ಒಬ್ಬ ಮಗನು ಉಳಿಯಲಿ ಎಂಬ ಧರ್ಮರಾಯನ ಉತ್ತರವನ್ನು ಓದಿ ಹೇಳುವ ತಂದೆಗೆ, ತನ್ನ ಒಡಹುಟ್ಟಿದವರೊಡನೆ ನಡೆದ ಪಾಲುಪಾರೀಕತ್ತಿನ ನೆನಪು ಬಂದರೆ ಆಶ್ಚರ್ಯವಿಲ್ಲ.

ಇನ್ನೂ ಅಕ್ಷರ ಕಲಿಯದ ಶಿಶುಗಳಿಗೆ ಪಂಜೆ ಮಂಗೇಶರಾಯರು ಇದ್ದೇ ಇರುವರು. ಶಾಲೆಗಳ ಇನ್‌ಸ್ಪೆಕ್ಟರರಾಗಿ ಮಕ್ಕಳ ನಡುವೆ ಓಡಾಡಿದ ಆ ಪುಣ್ಯಪುರುಷರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕತೆಯಲ್ಲಿ ಒಂದು ಪ್ರಶ್ನೆಯ ಕೊಂಡಿಗೆ ಮತ್ತೊಂದು ಪ್ರಶ್ನೆಯು ಸಿಕ್ಕಿಕೊಳ್ಳುತ್ತ ಹೋಗುವ ಓಟಕ್ಕೆ ಮಕ್ಕಳು ತಾವಾಗಿಯೇ ದನಿಗೂಡಿಸುವರು. ಬ್ರೌನಿಂಗ್ ಕವಿಯ ಕಥನವನ್ನು ಮೂಲವಾಗಿಟ್ಟುಕೊಂಡ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯೂ, ರತ್ನನ ಪದಗಳನ್ನು ಬರೆದ ಕೈಯಿಂದಲೇ ಬಂದ ರಾಜರತ್ನಂ ಅವರ ‘ತುತ್ತೂರಿ’ಯೂ ಇವಕ್ಕೆ ಜೊತೆಯಾಗಲಿ. ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಏಕಾಕಿಯಾಗಿ ರಚಿಸಿದ ಸಾಹಸಕ್ಕೆ ಇಂದಿಗೂ ತಲೆಬಾಗಬೇಕು. ಮಹಾಪುರುಷರ ಜೀವನವನ್ನು ತಿಳಿಯಬಯಸುವ ಬಾಲಕರಿಗೆ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರಬಂದ ‘ಭಾರತ ಭಾರತಿ’ಯ ಪುಟ್ಟ ಪುಸ್ತಕಗಳು ಸಾಕಷ್ಟಿವೆ.

ಈಚಿನ ಕಾಲದ ಕೃತಿಗಳಲ್ಲಿ ಮೂರು ತಲೆಮಾರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಬಲ್ಲದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಮೂಡಿಗೆರೆಯ ಕಾಡಿನ ಅಂಚಿನಲ್ಲಿ ಬೇಸಾಯ ಮಾಡಿಕೊಂಡಿರುವ ನಿರೂಪಕನು, ಊರವರು ಉಂಡಾಡಿಯೆಂದು ತಳ್ಳಿಬಿಟ್ಟಿದ್ದ ಮಂದಣ್ಣನ ಕೂಡೆ ಕರ್ವಾಲೊ ಎಂಬ ದೊಡ್ಡ ವಿಜ್ಞಾನಿಯು ಅಷ್ಟು ಗೌರವದಿಂದ ಒಡನಾಡುವುದೇಕೆಂದು ಮೊದಲು ಬೆರಗಾಗುವನು. ಜೇನುಹುಳುಗಳ, ಮರಗಿಡಗಳ, ಹುಳುಹುಪ್ಪಟೆಗಳ ವಿಷಯದಲ್ಲಿ ಮಂದಣ್ಣನ ಕಣ್ಣಿಗಿರುವ ಸೂಕ್ಷ್ಮತೆಯು ಪದವೀಧರರಿಗೂ ದುರ್ಲಭವೆಂಬುದು ಆಮೇಲೆ ಮೆಲ್ಲಮೆಲ್ಲನೆ ಹೊಳೆಯುವುದು. ಬಿರಿಯಾನಿ ಕರಿಯಪ್ಪನ ಮಾತಿಗೂ ಕಿವಿ ಎಂಬ ನಾಯಿಯ ಚೇಷ್ಟೆಗೂ ಹತ್ತು ವರುಷದ ಹುಡುಗ ಹೊಟ್ಟೆ ಹಿಡಿದುಕೊಂಡು ನಗುವನು. ಕಾಲೇಜಿನ ವಿದ್ಯಾರ್ಥಿಯು ಹಾರುವ ಓತಿಯ ಬೆನ್ನು ಹತ್ತಿ ಜೀವವಿಕಾಸದ ಚಿಂತನೆಗೆ ತೊಡಗುವನು. ವೃದ್ಧನಿಗೆ ಅದೇ ಪುಟಗಳಲ್ಲಿ ಕಾಲದ ಅಗಾಧತೆ ಕಾಣುವುದು. ಓತಿಯನ್ನು ಅರಸಿಹೋದವರಿಗೆ ಕೊನೆಗೆ ಏನಾಯಿತೆಂಬುದನ್ನು ನಾನು ಇಲ್ಲಿ ಹೇಳಲಾರೆ. ಅದನ್ನು ಓದುಗರು ತಾವೇ ಕಂಡುಕೊಳ್ಳುವುದು ನ್ಯಾಯ. ಅದೇ ಲೇಖಕರ ‘ಪರಿಸರದ ಕತೆ’ಯನ್ನು ಇದರ ಪಕ್ಕದಲ್ಲಿಯೇ ಇಡತಕ್ಕದ್ದು.

ಹಳೆಯದರ ಮೇಲಿನ ಭಕ್ತಿಯು ಹೊಸದರ ಕಡೆಗೆ ಬೆನ್ನು ತಿರುಗಿಸಬಾರದು. ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’, ಇವೆರಡೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆದವು. ಬಾಲಸಾಹಿತ್ಯವೆಂಬ ಹೆಸರಿಗೆ ಅಂಜಿ ಹಿರಿಯರು ಇವನ್ನು ದೂರವಿಟ್ಟರೆ ನಷ್ಟ ಅವರದೇ. ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಲಿಸ್ಬನ್ ನಗರದ ನದಿಯನ್ನೂ ವಿಜಯನಗರದ ನದಿಯನ್ನೂ ಒಂದೇ ಕಥಾಸೂತ್ರದಲ್ಲಿ ಪೋಣಿಸಿದೆ. ಅದರಲ್ಲಿ ಕ್ರೌರ್ಯದ ಸನ್ನಿವೇಶಗಳು ಇರುವುದರಿಂದ ಪ್ರೌಢಶಾಲೆಯನ್ನು ದಾಟಿದವರಿಗೆ ಕೊಡುವುದು ಲೇಸು. ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಗಳಿಸಿದ ಮೇಲಾದರೂ, ಅವನ್ನು ಮೂಲಭಾಷೆಯಲ್ಲಿಯೇ ಓದಬಲ್ಲ ನಾವು ಓದದೆ ಇರುವುದು ಸಲ್ಲದು. ತಾಯಿಯೂ ಪ್ರಾಯಕ್ಕೆ ಬಂದ ಮಗಳೂ ಜೊತೆಯಲ್ಲಿ ಕುಳಿತು ಓದಿ, ಓದಿದ ಮೇಲೆ ಮಾತನಾಡಬೇಕಾದ ಕತೆಗಳು ಅವು.

ಇಷ್ಟೆಲ್ಲವನ್ನೂ ಒಮ್ಮೆಗೇ ಕೊಳ್ಳಬೇಕೆಂದಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವು ಅನೇಕ ಶ್ರೇಷ್ಠ ಕೃತಿಗಳನ್ನು ಸುಲಭ ಬೆಲೆಗೆ ಒದಗಿಸಿದೆ. ಸಾರ್ವಜನಿಕ ಗ್ರಂಥಾಲಯದ ಬಾಗಿಲು ಎಲ್ಲರಿಗೂ ತೆರೆದಿದೆ. ತಿಂಗಳಿಗೊಂದರಂತೆ ತಂದರೂ ವರುಷಕ್ಕೆ ಹನ್ನೆರಡು ಗ್ರಂಥಗಳಾಗುವುವು. ತಂದದ್ದನ್ನು ಗಾಜಿನ ಬೀರುವಿನೊಳಗೆ ಬೀಗ ಹಾಕಿಡದೆ ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಇಡಿರಿ. ರಾತ್ರಿ ಊಟವಾದ ಮೇಲೆ ಅರ್ಧ ತಾಸು ಮನೆಯವರಲ್ಲಿ ಯಾರಾದರೊಬ್ಬರು ಗಟ್ಟಿಯಾಗಿ ಓದಿರಿ, ಉಳಿದವರು ಕೇಳಿರಿ.